ನೋರ್ಡ್ಲಿಂಗನ್ (ಜರ್ಮನಿ): ದುಂಡನೆ ಕೋಟೆಯೂ ಉಲ್ಕೆ ಬಿದ್ದ ಕುಳಿಯೂ ಒಂದೇನಾ? ಮಾದರಿ ಮಾಡೋಕೆ ಅಳತೆ ಬೇಕು

ಚಂದ್ರವಳ್ಳಿ_ದಾರಿ (ಚಿತ್ರದುರ್ಗ):

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆ ಮಕ್ಕಳ ವಸ್ತುಪ್ರದರ್ಶನಕ್ಕೆ "ಕೋಟೆ ಊರುಗಳು" ಅಂತ ಒಂದು ಮೇಜು ಹಾಕ್ತಾ ಇದ್ದೀವಿ. ಒಂದು ಕಡೆ ನಮ್ಮ ಏಳು ಸುತ್ತಿನ ಕೋಟೆ, ಇನ್ನೊಂದು ಕಡೆ ಜರ್ಮನಿಯ ನೋರ್ಡ್ಲಿಂಗನ್. ಆ ಊರಿನ ಡ್ರೋನ್ ಫೋಟೋ ವಾಟ್ಸಾಪಲ್ಲಿ ನಿಮಗೂ ಬಂದಿರುತ್ತೆ: ತಟ್ಟೆ ಬೋರಲು ಹಾಕಿ ಗೆರೆ ಎಳೆದ ಹಾಗೆ ದುಂಡಗಿನ ಊರು, ಕೆಂಪು ಹೆಂಚಿನ ಮನೆಗಳು, ನಡುವೆ ಒಂದು ಎತ್ತರದ ಗೋಪುರ. ಕೆಳಗಿನ ಒಕ್ಕಣೆ: "ಉಲ್ಕೆ ಬಿದ್ದ ಗುಂಡಿಯ ಅಂಚಿನ ಮೇಲೇ ಕಟ್ಟಿದ ಕೋಟೆ, ಗೋಡೆಗಳಲ್ಲೆಲ್ಲ ವಜ್ರ."

ಇದರಲ್ಲಿ ನಿಜ ಎಷ್ಟು? 4 ಅಡಿಗೆ 4 ಅಡಿ ಪ್ಲೈವುಡ್ ಹಲಗೆ ಇದೆ, ಅದರ ಮೇಲೆ ಕುಳಿ ಮತ್ತು ಊರು ಎರಡೂ ಕೂರಬೇಕು ಅಂದ್ರೆ ಯಾವ ಸ್ಕೇಲ್ ಹಿಡೀಬೇಕು? ಚಾರ್ಟಿನ ಮೇಲೆ ಬರೆಯಲೇಬೇಕಾದ ಇಸವಿಗಳು ಯಾವುವು? ಬಂದವರು ಕೇಳಿದ್ದಕ್ಕೆ ಮಕ್ಕಳು ತಪ್ಪು ಹೇಳಬಾರದು, ಅಷ್ಟೇ.

ಕಲ್ಲುಬಂಡೆ:

ಒಕ್ಕಣೆ ಅರ್ಧ ನಿಜ, ಅರ್ಧ ಸುಳ್ಳು. ಊರು ಕುಳಿಯ ಒಳಗಿದೆ ಅನ್ನೋದು ನಿಜ. ಕೋಟೆ ಗೋಡೆಯೇ ಕುಳಿಯ ಅಂಚು ಅನ್ನೋದು ಶುದ್ಧ ಸುಳ್ಳು.

ಅಳತೆ ನೋಡಿದರೆ ಸಾಕು. ಗೋಡೆಯ ಸುತ್ತಳತೆ 2.7 ಕಿ.ಮೀ. ಅಡ್ಡಳತೆ 900 ಮೀಟರನ್ನೂ ಮುಟ್ಟುವುದಿಲ್ಲ. ಕುಳಿಯ ಅಡ್ಡಳತೆ ಸುಮಾರು 24 ಕಿ.ಮೀ., ಹೆಚ್ಚೂಕಡಿಮೆ ದುರ್ಗದಿಂದ ಭರಮಸಾಗರಕ್ಕೆ ಹೋದಷ್ಟು ದೂರ. ಅದರ ಹೆಸರು ರೀಸ್ ಕುಳಿ. (ರೋಮನ್ನರ ಕಾಲದ ರೇಷಿಯಾ ಪ್ರಾಂತ್ಯದ ಹೆಸರು ಸವೆದು ರೀಸ್ ಆಗಿದೆ.) ಡ್ರೋನ್ ಎಷ್ಟೇ ಮೇಲೆ ಹಾರಿದರೂ ಕುಳಿ ಇಡಿಯಾಗಿ ಒಂದು ಚೌಕಟ್ಟಿನಲ್ಲಿ ಬರುವುದಿಲ್ಲ. ನೀವು ಫೋಟೋದಲ್ಲಿ ನೋಡ್ತಿರೋದು ಬರೀ ಊರು. ನಮ್ಮ ದೇಶದ ಲೋಣಾರ್ ಕುಳಿ ಸುಮಾರು 1.8 ಕಿ.ಮೀ. ಅಗಲ. ನೋರ್ಡ್ಲಿಂಗನ್ ಕೋಟೆಯನ್ನು ಎತ್ತಿ ಲೋಣಾರಿನೊಳಗೆ ಆರಾಮಾಗಿ ಇಡಬಹುದು, ರೀಸ್ ಕುಳಿಯಲ್ಲಿ ಲೋಣಾರ್‌ನಂಥವನ್ನು ಅಡ್ಡಕ್ಕೆ 13 ಜೋಡಿಸಬಹುದು. ಮಕ್ಕಳಿಗೆ ಈ ಲೆಕ್ಕ ಕೊಡಿ, ಮರೆಯಲ್ಲ.

ಇನ್ನೊಂದು ಮಾತು. ಊರು ಕುಳಿಯ ನಟ್ಟನಡುವೆಯೂ ಇಲ್ಲ. ನಡುವಿನಿಂದ ನೈಋತ್ಯಕ್ಕೆ ಸುಮಾರು 6 ಕಿ.ಮೀ. ಸರಿದು ಕೂತಿದೆ. ಗೋಡೆ ಕಟ್ಟಿದವರಿಗೆ ತಾವು ಕುಳಿಯಲ್ಲಿದ್ದೇವೆ ಅಂತ ಗೊತ್ತೇ ಇರಲಿಲ್ಲ. ಅದು ಖಚಿತವಾಗಿದ್ದು 1960ರಲ್ಲಿ. ಅಲ್ಲಿಯವರೆಗೆ ಬಹುಪಾಲು ಭೂವಿಜ್ಞಾನಿಗಳು ಅದನ್ನು ಜ್ವಾಲಾಮುಖಿಯ ಬಾಯಿ ಅಂತಲೇ ಓದಿದ್ದರು. ಅವರನ್ನು ದೂರುವಂತಿಲ್ಲ. ಅಲ್ಲಿನ ಸ್ಯೂವೈಟ್ ಅನ್ನೋ ಕಲ್ಲು ಜ್ವಾಲಾಮುಖಿಯ ಬೂದಿಗಲ್ಲಿನ ಹಾಗೇ ಕಾಣುತ್ತೆ: ಬೂದು ಬಣ್ಣ, ನಡುನಡುವೆ ಕರಗಿ ಗಟ್ಟಿಯಾದ ಕಪ್ಪು ಗಾಜಿನ ತುಣುಕು. ಉಲ್ಕೆ ಬಿದ್ದಿರಬಹುದು ಅಂದವರು ಮೊದಲೂ ಇದ್ದರು, ಕೈಯಲ್ಲಿ ಸಾಕ್ಷಿ ಇರಲಿಲ್ಲ. ಅಮೆರಿಕದ ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೊ ಆ ಸ್ಯೂವೈಟಿನಲ್ಲಿ ಕೋಸೈಟ್ ಕಂಡುಹಿಡಿದರು. ಕೋಸೈಟ್ ಅಂದ್ರೆ ಮಾಮೂಲಿ ಬೆಣಚುಕಲ್ಲಿನ ಖನಿಜವೇ, ಆದರೆ ವಾಯುಭಾರದ 20 ಸಾವಿರ ಪಟ್ಟಿಗೂ ಹೆಚ್ಚಿನ ಒತ್ತಡ ಬಿದ್ದಾಗ ಮಾತ್ರ ಆಗುವ ರೂಪ. ನೆಲದ ಮೇಲೆ ಉಗುಳುವ ಜ್ವಾಲಾಮುಖಿಗೆ ಅಷ್ಟು ಒತ್ತಡ ಹಾಕೋ ತಾಕತ್ತಿಲ್ಲ. ಅಲ್ಲಿಗೆ ವಾದ ಮುಗೀತು.

ಏನಾಯಿತು ಅಂದ್ರೆ: ಸುಮಾರು 1.48 ಕೋಟಿ ವರ್ಷದ ಹಿಂದೆ 1ರಿಂದ 1.5 ಕಿ.ಮೀ. ದಪ್ಪದ ಕ್ಷುದ್ರಗ್ರಹ ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗದಲ್ಲಿ ಬಂತು. ಮೇಲಿದ್ದ ಸುಣ್ಣಕಲ್ಲು, ಮರಳುಗಲ್ಲು, ಜೇಡಿಪದರಗಳನ್ನು ತೂರಿ ಕೆಳಗಿನ ಗಟ್ಟಿ ತಳಶಿಲೆಗೆ ಹೊಡೆದು ತಾನು ಆವಿಯಾಯಿತು. ಮೇಲಿನ ಪದರಗಳು ಚೂರಾಗಿ ಹೊರಕ್ಕೆ ಎರಚಿ ಕಲಸಿಕೊಂಡು ಬಿದ್ದವು. ಅದರ ಮೇಲೆ ತಳಶಿಲೆ ಕರಗಿ, ಒಡೆದು ಆದ ಸ್ಯೂವೈಟ್ ಬಂದು ಕೂತಿತು. ಕ್ರಮ ಗಮನಿಸಿ: ನೆಲದ ಆಳದಲ್ಲಿದ್ದದ್ದು ಮೇಲೆ ಬಂತು, ಮೇಲಿದ್ದದ್ದು ಅದರ ಅಡಿಗೆ ಹೋಯಿತು. ಆಮೇಲೆ ಕುಳಿಯಲ್ಲಿ ನೀರು ನಿಂತು ಕೆರೆಯಾಯಿತು, ಕೆರೆ ತುಂಬ ಹೂಳು. 1973ರಲ್ಲಿ ನೋರ್ಡ್ಲಿಂಗನ್ ಹತ್ತಿರ 1206 ಮೀಟರ್ ಆಳ ಕೊರೆದು ನೋಡಿದಾಗ ಮೊದಲ 300 ಮೀಟರಿಗೂ ಹೆಚ್ಚು ಬರೀ ಕೆರೆಯ ಹೂಳೇ ಸಿಕ್ಕಿತು, ಅದರ ಕೆಳಗೆ ಸ್ಯೂವೈಟ್. ಹಿಮಯುಗದಲ್ಲಿ ಗಾಳಿ ನುಣುಪು ಮಣ್ಣು ತಂದು ಹರಡಿತು. ಹಾಗಾಗಿ ಇವತ್ತು ರೀಸ್ ಅಂದ್ರೆ ಮರ ಕಮ್ಮಿ, ಹೊಲ ಜಾಸ್ತಿ ಇರುವ ಒಳ್ಳೆಯ ಬೇಸಾಯದ ಬಯಲು. ಸುತ್ತ ಕಾಡಿರುವ ಗುಡ್ಡದ ಸಾಲು. ಆ ಸಾಲೇ ಕುಳಿಯ ನಿಜವಾದ ಅಂಚು, ಬಯಲಿನಿಂದ 100–150 ಮೀಟರ್ ಎತ್ತರ.

ದುರ್ಗದವರಿಗೆ ಒಂದು ಹೋಲಿಕೆ: ಮರಡಿಹಳ್ಳಿಯ ದಿಂಬು ಲಾವಾ ಸುಮಾರು 250 ಕೋಟಿ ವರ್ಷದ್ದು. ಅದರ ಮುಂದೆ ರೀಸ್ ಮೊನ್ನೆ ಮೊನ್ನೆಯ ಗಾಯ.

ಮೇಲುದುರ್ಗ:

ಕಲ್ಲುಬಂಡೆ ಅವರು ನೆಲದ ಕಥೆ ಹೇಳಿದರು, ನಾನು ಗೋಡೆಯದು ಹೇಳ್ತೀನಿ. ಚಾರ್ಟಿಗೆ ಇಸವಿ ಕೇಳಿದ್ದೀರಿ. ಹುಷಾರು, "ಸ್ಥಾಪನೆ: 1215" ಅಂತ ಬರೆಯಬೇಡಿ. ಊರಿನ ಹೆಸರು ದಾಖಲೆಯಲ್ಲಿ ಮೊದಲು ಬರೋದು 898ರಲ್ಲಿ, ಆಗ ಅದೊಂದು ರಾಜಮನೆತನದ ಜಹಗೀರು. ರೇಗೆನ್ಸ್‌ಬರ್ಗಿನ ಬಿಷಪ್ಪನ ಕೈಗೆ ಹೋಯಿತು. 1215ರಲ್ಲಿ ಜರ್ಮನಿಯ ರಾಜ ಎರಡನೆಯ ಫ್ರೆಡ್ರಿಕ್ ಅದನ್ನು ಬಿಷಪ್ಪನಿಂದ ವಾಪಸ್ ಪಡೆದು ಪಟ್ಟಣದ ಹಕ್ಕು ಕೊಟ್ಟ. ಅಂದಿನಿಂದ ಅದು ನಡುವೆ ಯಾವ ಪಾಳೇಗಾರನೂ ಇಲ್ಲದೆ ನೇರ ಚಕ್ರವರ್ತಿಗೆ ಸೇರಿದ ಪಟ್ಟಣ. ತನ್ನ ಕೌನ್ಸಿಲು, ತನ್ನ ನ್ಯಾಯಾಲಯ, ತನ್ನ ಸುಂಕ. ಈ ಸ್ವಾತಂತ್ರ್ಯ ಸುಮಾರು ಆರು ಶತಮಾನ ನಡೆದು, ನೆಪೋಲಿಯನ್ ಕಾಲದ ಗಡಿ ಬದಲಾವಣೆಯಲ್ಲಿ, 1803ರ ಹೊತ್ತಿಗೆ, ಊರು ಬವೇರಿಯಾ ಪಾಲಾಯಿತು. ಇವತ್ತಿಗೂ ಆಡಳಿತ ಬವೇರಿಯಾ ರಾಜ್ಯದ್ದು, ಜನರ ಆಡುಮಾತು ಸ್ವಾಬಿಯನ್. ಹರಿಹರದ ಆಚೆಗೆ ಹೋದಂತೆ ಮಾತಿನ ಧಾಟಿ ಬದಲಾಗೋದು ಬಲ್ಲವರಿಗೆ ಇದು ಹೊಸದೇನಲ್ಲ, ರಾಜ್ಯದ ಗಡಿ ಒಂದು ಕಡೆ, ಮಾತಿನ ಗಡಿ ಇನ್ನೊಂದು ಕಡೆ.

ದುಂಡು ಆಕಾರ ಬಂದಿದ್ದು ಹೇಗೆ? ಊರಿಗೆ ಎರಡು ಸುತ್ತು. 13ನೇ ಶತಮಾನದ ಮೊದಲ ಗೋಡೆ ಚಿಕ್ಕದು, ಮೊಟ್ಟೆಯಾಕಾರ. ಅದು ಈಗ ಇಲ್ಲ. ಆದರೆ ಅದು ಇದ್ದ ಜಾಗದಲ್ಲೇ ಬೀದಿ ಸುತ್ತಿಕೊಂಡು ಹೋಗುತ್ತೆ, ಮೇಲಿನಿಂದ ನೋಡಿದರೆ ಒಳಗಿನ ಉಂಗುರ ಸ್ಪಷ್ಟ ಕಾಣುತ್ತೆ. ಆ ಗೋಡೆಯ ಬಾಗಿಲುಗಳಿಂದ ಹೊರಟ ರಸ್ತೆಗಳ ಬದಿಗೆ ಚರ್ಮ ಹದ ಮಾಡೋರು, ನೇಕಾರರು ಕೇರಿ ಕಟ್ಟಿಕೊಂಡರು. 1327ರಲ್ಲಿ ಚಕ್ರವರ್ತಿ ಲುಡ್ವಿಗ್ ಅಪ್ಪಣೆ ಕೊಟ್ಟ ಮೇಲೆ ಈ ಹೊರಗೇರಿಗಳನ್ನೂ ಒಳಗೆ ಸೇರಿಸಿ ಎರಡನೆಯ ಗೋಡೆ ಎದ್ದಿತು. ಇವತ್ತು ನಿಂತಿರೋದು ಅದೇ. ಬಯಲು ನೆಲ, ನಡುವೆ ಸಂತೆ, ಐದು ದಿಕ್ಕಿಗೆ ಐದು ದಾರಿ. ಊರು ನಡುವಿನಿಂದ ಎಲ್ಲ ಕಡೆಗೂ ಹೆಚ್ಚೂಕಡಿಮೆ ಸಮನಾಗಿ ಬೆಳೆದಾಗ ಗೋಡೆ ದುಂಡಗೇ ಬರುತ್ತೆ. ಖರ್ಚೂ ಉಳಿಯುತ್ತೆ: 2.7 ಕಿ.ಮೀ. ಸುತ್ತಳತೆಯ ದುಂಡು ಗೋಡೆ ಸುಮಾರು 0.58 ಚದರ ಕಿ.ಮೀ. ಜಾಗ ಕಾಯುತ್ತೆ. ಅಷ್ಟೇ ಜಾಗಕ್ಕೆ ಚೌಕ ಗೋಡೆ ಕಟ್ಟಿದರೆ 3.05 ಕಿ.ಮೀ. ಬೇಕು. ಅಂದ್ರೆ 350 ಮೀಟರ್ ಗೋಡೆ, ಅದರ ಮೇಲಿನ ಪಹರೆ, ಎಲ್ಲ ಉಳಿತಾಯ. ಗಣಿತದ ಮೇಷ್ಟ್ರು ಯಾರಾದರೂ ಇದ್ದರೆ ಇದೇ ಲೆಕ್ಕವನ್ನು ಮಕ್ಕಳ ಕೈಲಿ ಮಾಡಿಸಬಹುದು.

ದುರ್ಗದ ಕೋಟೆ ಪಕ್ಕದಲ್ಲೇ ಇಡ್ತಿದ್ದೀರಿ ಅಂದ್ರೆ ಈ ವ್ಯತ್ಯಾಸ ಮುಖ್ಯ. ನಮ್ಮಲ್ಲಿ ಗೋಡೆ ಗುಡ್ಡ ಹೇಳಿದ ಹಾಗೆ ಕೇಳುತ್ತೆ, ಬಂಡೆಯಿಂದ ಬಂಡೆಗೆ ಹೊಲಿಗೆ ಹಾಕಿಕೊಂಡು ಹೋಗುತ್ತೆ, ಅರ್ಧ ಕೆಲಸ ಬಂಡೆಯೇ ಮಾಡಿದೆ. ಅಲ್ಲಿ ನೆಲ ಏನೂ ಸಹಾಯ ಮಾಡಿಲ್ಲ, ಗೋಡೆ ಮತ್ತು ಕಂದಕವೇ ಎಲ್ಲ. ಗೋಡೆಯ ಒಳಮೈಗೆ ಹೆಂಚಿನ ಮಾಡಿನ ಕೆಳಗೆ ನಡೆದಾಡುವ ದಾರಿ ಇದೆ, ಅದರಲ್ಲೇ ಇಡೀ ಊರನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರಬಹುದು. ಜರ್ಮನಿಯಲ್ಲಿ ಹೀಗೆ ಪೂರ್ತಿ ಸುತ್ತಬಹುದಾದ ಕೋಟೆ ಗೋಡೆ ಇದೊಂದೇ. 19ನೇ ಶತಮಾನದಲ್ಲಿ ಬೇರೆ ಊರುಗಳು ರಸ್ತೆ, ರೈಲು ಅಂತ ಗೋಡೆ ಕೆಡವಿದವು. ಇಲ್ಲಿಗೂ 1849ರಲ್ಲಿ ರೈಲು ಬಂತು, ಆದರೆ ಗೋಡೆಯ ಹೊರಗೇ ನಿಂತಿತು. ಕೆಡವಬಾರದು ಅಂತ ಬವೇರಿಯಾದ ರಾಜ ಒಂದನೆಯ ಲುಡ್ವಿಗ್ ತಡೆದಿದ್ದೂ ಕಾರಣ.

ಉಳಿದ ಇಸವಿ ಚುಟುಕಾಗಿ: 1219ರಲ್ಲಿ ಪೆಂಟೆಕೋಸ್ಟ್ ಅನ್ನೋ ಕ್ರೈಸ್ತ ಹಬ್ಬದ ಜಾತ್ರೆಯ ಮೊದಲ ಉಲ್ಲೇಖ (ಈ ಜಾತ್ರೆಯೇ ಊರಿನ ಹಣದ ಮೂಲ, ಈಗಲೂ ನಡೆಯುತ್ತೆ). 1427ರಿಂದ 1505ರವರೆಗೆ ಸಂತ ಜಾರ್ಜ್ ಚರ್ಚ್ ಕಟ್ಟಿದರು. ಅದರ ಗೋಪುರಕ್ಕೆ ಊರವರು ಇಟ್ಟ ಹೆಸರು ಡೇನಿಯಲ್, ಎತ್ತರ ಸುಮಾರು 90 ಮೀಟರ್, ಮೆಟ್ಟಿಲು 350. 1529ರಲ್ಲಿ ಸ್ಪೈಯರ್ ಊರಿನ ಸಾಮ್ರಾಜ್ಯ ಸಭೆಯಲ್ಲಿ, ಲೂಥರನ ಸುಧಾರಣೆಯನ್ನು ತಡೆಯುವ ತೀರ್ಮಾನದ ವಿರುದ್ಧದ ಪ್ರತಿಭಟನೆಗೆ ಸಹಿ ಹಾಕಿದ ಪಟ್ಟಣಗಳಲ್ಲಿ ಇದೂ ಒಂದು. "ಪ್ರಾಟೆಸ್ಟೆಂಟ್" ಅನ್ನೋ ಹೆಸರು ಬಂದಿದ್ದೇ ಆ ಪ್ರತಿಭಟನೆಯಿಂದ.

ಚಂದ್ರವಳ್ಳಿ_ದಾರಿ:

ಇಬ್ಬರಿಗೂ ಧನ್ಯವಾದ ಸರ್. ಹಾಗಾದ್ರೆ ಫೋಟೋದ ಒಕ್ಕಣೆಯನ್ನೇ ದೊಡ್ಡದಾಗಿ ಬರೆದು ಅದರ ಮೇಲೆ ಕೆಂಪು ಗೀಟು ಹಾಕಿ ಇಡ್ತೀವಿ. ಮೂರು ಅನುಮಾನ ಉಳಿದವು. ವಜ್ರದ ವಿಷಯ ಏನು? ಓಬವ್ವನ ಥರದ್ದೇ ಕಥೆ ಅಲ್ಲೂ ಒಂದಿದೆ ಅಂತಾರಲ್ಲ, ಹಂದಿ ಕಥೆ, ಅದನ್ನ ಇಡಬಹುದಾ? ಮತ್ತೆ ಹಲಗೆ ಲೆಕ್ಕ ಯಾರೂ ಹೇಳಲಿಲ್ಲ.

ಮಂಡಕ್ಕಿ_ಮಿರ್ಚಿ (ದಾವಣಗೆರೆ):

ಹಲಗೆ ಲೆಕ್ಕ ನಾನು ಹೇಳ್ತೀನಿ ನೋಡ್ರಿ.

4 ಅಡಿ ಅಂದ್ರೆ 122 ಸೆಂ.ಮೀ. ಸ್ಕೇಲ್ 1:25,000 ಹಿಡೀರಿ, 1 ಕಿ.ಮೀ.ಗೆ 4 ಸೆಂ.ಮೀ. ಕುಳಿ 96 ಸೆಂ.ಮೀ. ಬರ್ತದೆ, ಸುತ್ತ 13 ಸೆಂ.ಮೀ. ಅಂಚು ಉಳೀತದೆ, ಚೀಟಿ ಅಂಟಿಸೋಕೆ ಸಾಕು. ಊರಿನ ಗೋಡೆ ಸುತ್ತಳತೆ 10.8 ಸೆಂ.ಮೀ., ಅಡ್ಡಳತೆ ಹತ್ತತ್ರ ಮೂರೂವರೆ ಸೆಂ.ಮೀ. ಕೂಸಿನ ಕೈಬಳೆ ಒಂದು ಇಟ್ಟರೆ ಅದೇ ಊರು. ವಾಟ್ಸಾಪ್ ಒಕ್ಕಣೆಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕೇನ್ರಿ? ಬಳೆ ಪಕ್ಕದಲ್ಲೇ 4ರಿಂದ 6 ಸೆಂ.ಮೀ. ದಪ್ಪದ ಮಣ್ಣಿನ ಉಂಡೆ ಇಡ್ರಿ, ಅದು ಬಿದ್ದ ಕ್ಷುದ್ರಗ್ರಹ. ಊರಿಗಿಂತ ಸ್ವಲ್ಪ ದೊಡ್ಡದು, ಇಲ್ಲಾ ಹತ್ತತ್ರ ಎರಡು ಪಟ್ಟು.

ಎಡವೋದು ಎತ್ತರದಲ್ಲಿ. ಅಂಚಿನ ಗುಡ್ಡ 150 ಮೀಟರ್ ಅಂದ್ರೆ ಇದೇ ಸ್ಕೇಲಲ್ಲಿ ಬರೀ 6 ಮಿ.ಮೀ. ಹಲಗೆ ಮೇಲೆ ಕಾಣೋದೇ ಇಲ್ಲ. ಎತ್ತರವನ್ನು 5 ಪಟ್ಟು ಹಿಗ್ಗಿಸಿ 3 ಸೆಂ.ಮೀ. ಮಾಡ್ರಿ, ಆದ್ರೆ "ಎತ್ತರ 5 ಪಟ್ಟು ಹೆಚ್ಚಿಸಿದೆ" ಅಂತ ಚೀಟಿ ಹಾಕೋದು ಮರೀಬೇಡ್ರಿ. ಹಾಕದಿದ್ರೆ ಮಕ್ಕಳು ಅದನ್ನ ಬಾಣಲೆ ಥರ ಆಳದ ಗುಂಡಿ ಅಂದ್ಕೊಂಡು ಹೋಗ್ತಾರೆ. ನಿಜದಲ್ಲಿ ಅದು ದೋಸೆ ಹಂಚಿನಷ್ಟು ಚಪ್ಪಟೆ. ಅಂಚನ್ನ ಎಲ್ಲಾ ಕಡೆ ಒಂದೇ ಎತ್ತರಕ್ಕೂ ಎಬ್ಬಿಸಬೇಡ್ರಿ, ದಕ್ಷಿಣದ ಕಡೆ ಎದ್ದು ಕಾಣಲಿ, ಉತ್ತರಕ್ಕೆ ಹೋದಂಗೆ ಇಳೀಲಿ.

ಅಂಚಿಗೆ ಅರ್ಧ ಇಂಚಿನ ಥರ್ಮಾಕೋಲನ್ನು ಅರ್ಧಚಂದ್ರದ ತುಂಡು ಮಾಡಿ ಎರಡು ಪದರ ಅಂಟಿಸ್ರಿ, ಮೇಲಿನದ್ದು ಕೆಳಗಿನದ್ದಕ್ಕಿಂತ ಕಿರಿದು. ಫೆವಿಕಾಲ್ ಒಂದು ರಾತ್ರಿ ಒಣಗಲಿ. ಮೇಲೆ 3 ಮಿ.ಮೀ. ಪಿಒಪಿ ಲೇಪ. ಪೂರಾ ಹಲಗೆಗೆ 5ರಿಂದ 6 ಕೆ.ಜಿ. ಪುಡಿ ಹಿಡೀತದೆ. ನೀರಿಗೆ ಪುಡಿ ಉದುರಿಸ್ರಿ, ಪುಡಿಗೆ ನೀರು ಹಾಕಿದ್ರೆ ಗಂಟಾಗ್ತದೆ. ಒಂದು ಸಲಕ್ಕೆ ಒಂದು ಕೆ.ಜಿ.ಗಿಂತ ಜಾಸ್ತಿ ಕಲಸಬೇಡ್ರಿ, ಹತ್ತು ನಿಮಿಷದಲ್ಲಿ ಗಟ್ಟಿ ಆಗಿ ಬಕೆಟ್ಟೇ ಮಾದರಿ ಆಗಿಬಿಡ್ತದೆ. ತೆಳು ಪ್ಲೈವುಡ್ ಆದ್ರೆ ಎತ್ತುವಾಗ ಬಾಗಿ ಲೇಪ ಬಿರುಕು ಬಿಡ್ತದೆ, ಅದಕ್ಕೆ ಹಲಗೆ ಕೆಳಗೆ ಎರಡು ರೀಪರ್ ಪಟ್ಟಿ ಅಡ್ಡಡ್ಡ ಹೊಡೀರಿ. ಬಣ್ಣಕ್ಕೆ ಡಿಸ್ಟೆಂಪರ್ ಇಲ್ಲಾ ಪೋಸ್ಟರ್ ಕಲರ್. ಸ್ಪ್ರೇ ಪೇಂಟ್ ಬೇಡವೇ ಬೇಡ, ಲೇಪ ಬಿಟ್ಟಿರೋ ಕಡೆ ಥರ್ಮಾಕೋಲ್ ತಿಂದುಹಾಕ್ತದೆ.

ನದಿ ಎರಡು. ವೋರ್ನಿಟ್ಸ್ ಉತ್ತರದಿಂದ ಕುಳಿಯೊಳಗೆ ಬಂದು ಆಗ್ನೇಯಕ್ಕೆ ಹಾರ್ಬುರ್ಗ್ ಕೋಟೆ ಹತ್ತಿರ ಅಂಚನ್ನು ಸೀಳಿ ಹೊರಗೆ ಹೋಗಿ ಡ್ಯಾನ್ಯೂಬ್ ಸೇರ್ತದೆ. ಎಗರ್ ಅನ್ನೋ ಹೊಳೆ ಪಶ್ಚಿಮದಿಂದ ಬಂದು ನಮ್ಮ ಬಳೆಯನ್ನೇ ದಾಟಿ ವೋರ್ನಿಟ್ಸಿಗೆ ಕೂಡ್ತದೆ. ಚರ್ಮದ ಕೆಲಸದೋರ ಕೇರಿ ಆ ಹೊಳೆ ಪಕ್ಕಕ್ಕೇ ಇರೋದು ಅದಕ್ಕೇ, ತೊಳೆಯೋಕೆ ನೀರು ಬೇಕಲ್ಲ. ನೀಲಿ ಉಣ್ಣೆ ದಾರ ಅಂಟಿಸಿದ್ರೆ ಸಾಕು. ಊರಿಂದ ಉತ್ತರಕ್ಕೆ 16 ಸೆಂ.ಮೀ. ದೂರಕ್ಕೆ (4 ಕಿ.ಮೀ.) ವಾಲರ್‌ಸ್ಟೈನ್ ಬಂಡೆ ಅಂತ ಒಂದು ಗುಂಡುಪಿನ್ ಚುಚ್ಚಿ. ಯಾಕೆ ಅಂತ ಕಲ್ಲುಬಂಡೆ ಸರ್ ಹೇಳಲಿ.

ಈ ಮೂರೂವರೆ ಸೆಂ.ಮೀ.ನಲ್ಲಿ ಬಾಗಿಲು, ಗೋಪುರ ಏನೂ ತೋರಿಸೋಕಾಗಲ್ಲ. ಊರಿಗೆ ಬೇರೆ ಮಾದರಿ ಮಾಡ್ರಿ, 1:2,500. ಗೋಡೆಗೆ 108 ಸೆಂ.ಮೀ. ಉದ್ದದ ರಟ್ಟಿನ ಪಟ್ಟಿ, ಅಡ್ಡಳತೆ 34 ಸೆಂ.ಮೀ., ಡೇನಿಯಲ್ ಗೋಪುರ 3.6 ಸೆಂ.ಮೀ. ಇಲ್ಲಿ ಎತ್ತರ ಹಿಗ್ಗಿಸೋ ತಂಟೆ ಇಲ್ಲ. ಕೈವಾರದಲ್ಲಿ ವೃತ್ತ ಎಳೆದು ಮಾಡಬೇಡ್ರಿ. ಫೋಟೋದಲ್ಲಿ ದುಂಡು ಕಂಡ್ರೂ ಗೋಡೆ ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ಚಪ್ಪಟೆ. ನಕ್ಷೆಯ ಪ್ರಿಂಟ್ ತೆಗೆದು ಅದರ ಗೆರೆ ಮೇಲೇ ಪಟ್ಟಿ ನಿಲ್ಲಿಸ್ರಿ.

ಬಂದವರು ಕೈಯಾರೆ ಕುಳಿ ಮಾಡೋ ಆಟ ಇಡ್ತೀರಾ? ಅಗಲದ ಪರಾತಕ್ಕೆ 5 ಸೆಂ.ಮೀ. ಒಣ ಸಣ್ಣ ಮರಳು, ಮೇಲೆ 1 ಸೆಂ.ಮೀ. ಬಿಳಿ ರಂಗೋಲಿ ಪುಡಿ, ಅದರ ಮೇಲೆ ಜರಡಿ ಹಿಡಿದು 2 ಮಿ.ಮೀ. ರಾಗಿ ಹಿಟ್ಟು. ಒಂದೂವರೆ ಮೀಟರ್ ಮೇಲಿಂದ ಗೋಲಿ ನೇರ ಬಿಡ್ರಿ. ರಾಗಿ ಬಣ್ಣದ ಮೇಲೆ ಬಿಳಿ ಪುಡಿ ಕಿರಣದಂಗೆ ಚಿಮ್ಮಿ ಬೀಳ್ತದೆ: ಅಡಿಯಲ್ಲಿದ್ದದ್ದು ಮೇಲೆ ಬಂತು. ಮಳೆಗಾಲದ ತಂಪಿಗೆ ಪುಡಿ ಗಟ್ಟಿಯಾದ್ರೆ ಗೋಲಿ ಪುಟಿದು ಹಾರ್ತದೆ, ಕುಳಿ ಆಗಲ್ಲ. ಪ್ರತಿ ಹತ್ತು ಸಲಕ್ಕೊಮ್ಮೆ ಕಡ್ಡಿಯಲ್ಲಿ ಕೆದಕಿ ಸಡಿಲ ಮಾಡ್ರಿ, ಮೇಲಿನ ಎರಡು ಪದರ ಮತ್ತೆ ಹಾಕ್ರಿ. ಪರಾತ ತಟ್ಟಿ ಸಮ ಮಾಡಬೇಡ್ರಿ, ಅದರಿಂದಲೇ ಗಟ್ಟಿಯಾಗೋದು.

ಕಲ್ಲುಬಂಡೆ:

ಆಟ ಚೆನ್ನಾಗಿದೆ, ಎರಡು ತಿದ್ದುಪಡಿ. ಗೋಲಿಯನ್ನು ಓರೆಯಾಗಿ ಎಸೆದರೆ ಪರಾತದಲ್ಲಿ ಉದ್ದನೆ ಗುಂಡಿ ಬೀಳುತ್ತೆ, ಆಗ ಮಕ್ಕಳು "ಉಲ್ಕೆ ಯಾವಾಗಲೂ ನೇರ ಬೀಳುತ್ತೆ" ಅಂತ ತೀರ್ಮಾನ ಮಾಡ್ತಾರೆ. ತಪ್ಪು. ಸೆಕೆಂಡಿಗೆ 20 ಕಿ.ಮೀ. ವೇಗದಲ್ಲಿ ಕುಳಿ ತೋಡೋದು ಕಲ್ಲಿನ ತಳ್ಳುವಿಕೆ ಅಲ್ಲ, ಸ್ಫೋಟ. ಹಾಗಾಗಿ ತುಂಬಾ ಮಲಗಿಕೊಂಡು ಬಂದ ಹೊರತು ಓರೆ ಬಂದರೂ ಕುಳಿ ದುಂಡಗೇ ಆಗುತ್ತೆ. ಎರಡನೆಯದು, ಆಟದಲ್ಲಿ ಗೋಲಿ ಉಳಿಯುತ್ತೆ. "ಆ ಕಲ್ಲು ಈಗ ಎಲ್ಲಿದೆ ಸರ್?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಆವಿಯಾಯಿತು ಅನ್ನೋ ಉತ್ತರ ಮಕ್ಕಳ ಬಾಯಲ್ಲಿ ಸಿದ್ಧ ಇರಲಿ.

ವಾಲರ್‌ಸ್ಟೈನ್ ಯಾಕೆ ಅಂದ್ರೆ, ದೊಡ್ಡ ಕುಳಿಗಳಲ್ಲಿ ಹೊಡೆತದ ಕ್ಷಣದಲ್ಲಿ ಅದುಮಿದ ತಳಶಿಲೆ ವಾಪಸ್ ಪುಟಿದೇಳುತ್ತೆ. ರೀಸ್‌ನಲ್ಲಿ ಹೀಗೆದ್ದ ಒಳ ಉಂಗುರ ಇದೆ, ಅಡ್ಡಳತೆ ಸುಮಾರು 12 ಕಿ.ಮೀ., ನಿಮ್ಮ ಹಲಗೆಯಲ್ಲಿ 48 ಸೆಂ.ಮೀ. ಬಹುಪಾಲು ಹೂಳಿನಡಿ ಮುಚ್ಚಿಹೋಗಿದೆ, ಅಲ್ಲಲ್ಲಿ ಮಾತ್ರ ತಲೆ ಎತ್ತಿದೆ: ವಾಲರ್‌ಸ್ಟೈನ್ ಬಂಡೆ, ನೋರ್ಡ್ಲಿಂಗನ್ ಮಗ್ಗುಲಿನ ಮರಿಯೆನ್‌ಹೋಹೆ, ಪೂರ್ವಕ್ಕೆ ವೆನ್ನೆನ್‌ಬರ್ಗ್. ಈ ದಿಬ್ಬಗಳ ಮೇಲೆ ಆಗಿನ ಕೆರೆಯ ಸುಣ್ಣ ಕಟ್ಟಿಕೊಂಡಿದೆ. ಚುಕ್ಕೆ ಗೆರೆಯಲ್ಲಿ ಆ ಉಂಗುರ ಎಳೆಯಿರಿ. ಎಳೆದ ಮೇಲೆ ಗೊತ್ತಾಗುತ್ತೆ, ನಿಮ್ಮ ಬಳೆ ಹೆಚ್ಚೂಕಡಿಮೆ ಒಳ ಉಂಗುರದ ಗೆರೆ ಪಕ್ಕವೇ ಕೂರುತ್ತೆ.

ವಜ್ರ: ಇದೆ. ತಳಶಿಲೆಯಲ್ಲಿದ್ದ ಗ್ರಾಫೈಟ್ (ಪೆನ್ಸಿಲ್ ಕಡ್ಡಿಯ ವಸ್ತುವೇ) ಹೊಡೆತಕ್ಕೆ ಸಿಕ್ಕು ಕ್ಷಣಮಾತ್ರದಲ್ಲಿ ವಜ್ರವಾಯಿತು. ಬಹುಪಾಲು ಹರಳುಗಳು ಕಾಲು ಮಿಲಿಮೀಟರನ್ನೂ ಮುಟ್ಟಲ್ಲ, ಸೂಕ್ಷ್ಮದರ್ಶಕ ಬೇಕು, ಒಡವೆಗೆ ನಯಾಪೈಸೆ ಬೆಲೆ ಇಲ್ಲ. ಅವು ಇರೋದು ಸ್ಯೂವೈಟಿನಲ್ಲಿ. ಸಂತ ಜಾರ್ಜ್ ಚರ್ಚು, ಅದರ ಗೋಪುರ ಸ್ಯೂವೈಟಿನವು, ಆದ್ದರಿಂದ ಅವುಗಳಲ್ಲಿ ವಜ್ರ ಇದೆ ಅಂದ್ರೆ ಸರಿ. "ಊರಿನ ಎಲ್ಲ ಗೋಡೆಗಳಲ್ಲಿ" ಅನ್ನೋದು ಉತ್ಪ್ರೇಕ್ಷೆ. ಸ್ಯೂವೈಟ್ ಕಡಿಯೋಕೆ ಸುಲಭ, ಅದಕ್ಕೇ ಕಟ್ಟಿದರು. ಆದರೆ ಅದು ಕಲಸಿದ ಕಲ್ಲು, ಚೂರು ಚೂರು ಬೇರೆ ಬೇರೆ ಗಟ್ಟಿ. ಮಳೆ, ಹಿಮ, ಹೊಗೆಗೆ ಮೈ ಪುಡಿಯಾಗಿ ಉದುರುತ್ತೆ. ದುರ್ಗದ ಕಣಶಿಲೆಯ ಹಾಗೆ ನಿಲ್ಲೋ ಜಾತಿ ಅಲ್ಲ, ದುರಸ್ತಿ ಕೆಲಸ ತಪ್ಪಿದ್ದಲ್ಲ.

ಚಂದ್ರನ ಸಂಗತಿಯೂ ಚಾರ್ಟಿಗೆ ಸೇರಲಿ. 1970ರ ಆಗಸ್ಟ್‌ನಲ್ಲಿ ಅಲನ್ ಶೆಪರ್ಡ್, ಎಡ್ಗರ್ ಮಿಚೆಲ್, ಯೂಜೀನ್ ಸೆರ್ನನ್, ಜೋ ಎಂಗಲ್ ರೀಸ್‌ಗೆ ಬಂದು ಕಲ್ಲು ಗುರುತಿಸೋದು ಕಲಿತರು, ಚಂದ್ರನ ನೆಲದಲ್ಲಿ ಸಿಗೋದೂ ಇಂಥ ಹೊಡೆತ ತಿಂದ ಕಲ್ಲೇ ಅಂತ. ಶೆಪರ್ಡ್, ಮಿಚೆಲ್ 1971ರಲ್ಲಿ ಅಪೋಲೋ 14ರಲ್ಲಿ, ಸೆರ್ನನ್ 1972ರಲ್ಲಿ ಅಪೋಲೋ 17ರಲ್ಲಿ ಚಂದ್ರನ ಮೇಲಿಳಿದರು. ಎಂಗಲ್‌ಗೆ ಆ ಅವಕಾಶ ಸಿಗಲಿಲ್ಲ, ನಾಲ್ವರೂ ಹೋದರು ಅಂತ ಬರೆಯಬೇಡಿ. ಊರಿನ ರೀಸ್ ಕುಳಿ ಮ್ಯೂಸಿಯಂ 1990ರಲ್ಲಿ ತೆರೆಯಿತು, ಅಲ್ಲಿ ಅಪೋಲೋ 16 ತಂದ ಚಂದ್ರಶಿಲೆಯ ಒಂದು ತುಂಡು ಇದೆ. 2022ರಿಂದ ಇಡೀ ರೀಸ್ ಯುನೆಸ್ಕೋ ಜಾಗತಿಕ ಜಿಯೋಪಾರ್ಕ್.

ಮೇಲುದುರ್ಗ:

ಹಂದಿ ಕಥೆ ಇಡಿ, "ಐತಿಹ್ಯ" ಅಂತ ತಲೆಬರಹ ಹಾಕಿ. 1440ರಲ್ಲಿ ಪಕ್ಕದ ಓಟಿಂಗನ್ ಪಾಳೆಯಪಟ್ಟಿನ ಕೌಂಟ್ ಬಾಗಿಲ ಕಾವಲಿನವರಿಗೆ ಲಂಚ ಕೊಟ್ಟು ರಾತ್ರಿ ಲೋಪ್ಸಿಂಗರ್ ಬಾಗಿಲಿಗೆ ಅಗುಳಿ ಹಾಕದಂತೆ ಮಾಡಿಸಿದ್ದನಂತೆ. ಸಂಜೆ ಹೊರಗೆ ಬಂದ ಒಬ್ಬ ಹೆಂಗಸು ನೋಡ್ತಾಳೆ, ತಪ್ಪಿಸಿಕೊಂಡ ಹಂದಿಯೊಂದು ಬಾಗಿಲಿಗೆ ಮೈ ಉಜ್ಜುತ್ತಿದೆ, ಉಜ್ಜಿದ ಹಾಗೆ ಬಾಗಿಲು ಅಲುಗಾಡುತ್ತಿದೆ! ಕೂಗಿ ಊರೆಬ್ಬಿಸಿದಳು. ಇವತ್ತಿಗೂ ಡೇನಿಯಲ್ ಗೋಪುರದ ಕಾವಲುಗಾರ ರಾತ್ರಿ 10ರಿಂದ 12ರವರೆಗೆ ಅರ್ಧ ಗಂಟೆಗೊಮ್ಮೆ "ಸೋ, ಗ್ಸೆಲ್, ಸೋ" ಅಂತ ಕೂಗ್ತಾನೆ. ಆ ಕೂಗು ಅವಳ ಬಾಯಿಂದ ಬಂದಿದ್ದು ಅಂತ ಊರಿನ ಮಾತು.

ಓಬವ್ವನ ಪಕ್ಕ ಇಟ್ಟರೆ ಹೋಲಿಕೆ ತಾನಾಗಿ ಹೊಳೆಯುತ್ತೆ. ಅಲ್ಲಿ ತೆರೆದ ಬಾಗಿಲು, ಇಲ್ಲಿ ಕಿಂಡಿ. ಎರಡೂ ಕಡೆ ಕೋಟೆಗೆ ಅಪಾಯ ಬಂದಿದ್ದು ಗೋಡೆ ತೆಳುವಾಗಿದ್ದರಿಂದಲ್ಲ, ಒಂದು ತೂತು ಕಣ್ತಪ್ಪಿದ್ದರಿಂದ. ಕಾವಲಿನವರಿಗಿಂತ ಮೊದಲು ಅದನ್ನು ಕಂಡವರು ಮನೆಗೆಲಸಕ್ಕೆ ಹೊರಬಿದ್ದ ಹೆಂಗಸರು. ಫರಕು: ಅವಳು ಕೂಗಿದಳು, ನಮ್ಮವಳು ಒನಕೆ ಎತ್ತಿದಳು.

ಯುದ್ಧದ ಬಗ್ಗೆ ಒಂದು ಎಚ್ಚರಿಕೆ. ಮೂವತ್ತು ವರ್ಷಗಳ ಯುದ್ಧದಲ್ಲಿ (1618–48, ಕ್ಯಾಥೊಲಿಕ್ ಚಕ್ರವರ್ತಿಯ ಕಡೆಯವರಿಗೂ ಪ್ರಾಟೆಸ್ಟೆಂಟರಿಗೂ ಶುರುವಾದದ್ದು) ಈ ಊರಿನ ಹೆಸರಿನ ಕದನ ಎರಡು. ದೊಡ್ಡದು 1634ರ ಸೆಪ್ಟೆಂಬರ್ 5–6. ಕೆಲವು ಕಡೆ ಆಗಸ್ಟ್ 26–27 ಅಂತ ಸಿಗುತ್ತೆ. ತಪ್ಪಲ್ಲ, ಅದು ಹಳೆಯ ಜೂಲಿಯನ್ ಪಂಚಾಂಗ, ಪ್ರಾಟೆಸ್ಟೆಂಟರು ಆಗ ಅದನ್ನೇ ಹಿಡಿದಿದ್ದರು. ಚಾರ್ಟಿನಲ್ಲಿ ಒಂದನ್ನೇ ಬಳಸಿ. ಚಕ್ರವರ್ತಿಯ ಕಡೆಯವರೂ ಸ್ಪೇನಿನವರೂ ಸೇರಿ ಊರಿಗೆ ಮುತ್ತಿಗೆ ಹಾಕಿದ್ದರು, ಬಿಡಿಸಲು ಬಂದವರು ಸ್ವೀಡನ್ನಿನ ಗುಸ್ತಾವ್ ಹಾರ್ನ್ ಮತ್ತು ವೈಮಾರ್‌ನ ಬರ್ನ್‌ಹಾರ್ಡ್. ಊರಿನ ದಕ್ಷಿಣಕ್ಕೆ ಆಲ್ಬುಕ್ ಅನ್ನೋ ಗುಡ್ಡ. ಅದು ಯಾರ ಕೈಲಿದೆಯೋ ಅವರಿಗೆ ಕೆಳಗಿನ ಬಯಲು ಅಂಗೈ ಮೇಲೆ. ಸ್ವೀಡನ್ನಿನವರು ಅದಕ್ಕೆ ಮತ್ತೆ ಮತ್ತೆ ನುಗ್ಗಿ ಮತ್ತೆ ಮತ್ತೆ ಉರುಳಿದರು, ಹಾರ್ನ್ ಸೆರೆಸಿಕ್ಕ. ಸ್ವೀಡನ್ ಕುಸಿಯಿತು ಅಂತ ಕಂಡ ಮೇಲೆಯೇ ಫ್ರಾನ್ಸ್ 1635ರಲ್ಲಿ ನೇರವಾಗಿ ಯುದ್ಧಕ್ಕಿಳಿದಿದ್ದು. ಎರಡನೆಯದು 1645ರ ಆಗಸ್ಟ್ 3, ಪೂರ್ವದ ಆಲರ್‌ಹೈಮ್ ಹತ್ತಿರ. ಬವೇರಿಯಾದ ಸೇನಾಪತಿ ಮೆರ್ಸಿ ತನ್ನ ಒಂದು ಮಗ್ಗುಲನ್ನು ಊರಿಸಿದ್ದು ಕಲ್ಲುಬಂಡೆ ಅವರು ಹೇಳಿದ ಅದೇ ವೆನ್ನೆನ್‌ಬರ್ಗ್ ಮೇಲೆ, ಸತ್ತಿದ್ದೂ ಆ ಕದನದಲ್ಲೇ. ಕುಳಿ ಗೋಡೆಯನ್ನು ದುಂಡಗೆ ಮಾಡಲಿಲ್ಲ ನಿಜ. ಆದರೆ ತೋಪು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಎರಡೂ ಸಲ ಕುಳಿಯ ಗುಡ್ಡಗಳೇ ಹೇಳಿದವು. ನಿಮ್ಮ ಮೇಜಿಗೆ ಇದು ನಿಜವಾದ ಕೊಂಡಿ, ವಾಟ್ಸಾಪಿನದ್ದಲ್ಲ.

ಮಾಟಗಾತಿ ವಿಚಾರಣೆಯನ್ನು ಬಿಡಬೇಡಿ, ಪ್ರವಾಸದ ಪುಟಗಳು ಅದನ್ನು ಒಂದು ಸಾಲಿನಲ್ಲಿ ಸಾರಿಸಿಬಿಡುತ್ತವೆ. 1589ರಿಂದ 1598ರ ನಡುವೆ ಇದೇ ಸ್ವತಂತ್ರ ಪಟ್ಟಣದ ಕೌನ್ಸಿಲ್ 34 ಹೆಂಗಸರನ್ನೂ ಒಬ್ಬ ಗಂಡಸನ್ನೂ ಕೊಲ್ಲಿಸಿತು. ಮರಿಯಾ ಹೋಲ್ ಅನ್ನೋ ಹೋಟೆಲಿನ ಒಡತಿಯನ್ನು 62 ಸಲ ಚಿತ್ರಹಿಂಸೆಗೆ ಗುರಿಮಾಡಿದರೂ ಒಪ್ಪಿಕೊಳ್ಳಲಿಲ್ಲ. 1594ರಲ್ಲಿ ಬಿಟ್ಟು ಕಳಿಸಬೇಕಾಯಿತು. ಮಕ್ಕಳ ಮೇಜು ಅಂತ ವಿವರ ಬೇಡ, ಹೆಸರು ಮತ್ತು ಇಸವಿ ಇರಲಿ.

ಕೋಟೆಬಾಗಿಲು_77:

ಚಿಕ್ಕ ಸೇರಿಕೆ. ಫುಟ್‌ಬಾಲ್ ಹುಡುಗರು ಬಂದ್ರೆ: ಜರ್ಮನಿಯ ಹೆಸರಾಂತ ಗೋಲುಗಾರ ಗೆರ್ಡ್ ಮುಲ್ಲರ್ ಹುಟ್ಟಿದ್ದು ಇದೇ ಊರಲ್ಲಿ, 1945ರಲ್ಲಿ. ಈಗಿನ ಜನಸಂಖ್ಯೆ ಸುಮಾರು 20 ಸಾವಿರ. ಹೋಗೋ ದಾರಿ ಕೇಳೋರೂ ಇರ್ತಾರೆ: ಮ್ಯೂನಿಕ್ ಕಡೆಯಿಂದ ಡೊನಾವೋರ್ತ್‌ಗೆ ಬಂದು ರೈಲು ಬದಲಿಸಬೇಕು, ಅಲ್ಲಿಂದ ಅರ್ಧ ಗಂಟೆ. ಆ ಕೊನೇ ಅರ್ಧ ಗಂಟೆಯಲ್ಲಿ ಹಾರ್ಬುರ್ಗ್ ದಾಟಿದ ಮೇಲೆ ಕಣಿವೆ ಮುಗಿದು ಬಯಲು ತೆರೆಯುತ್ತೆ. ಕುಳಿಯ ಒಳಗೆ ಬಂದಾಯ್ತು ಅಂತ ತಿಳ್ಕೊಳ್ಳೋದು ಅಲ್ಲೇ.

ಚಂದ್ರವಳ್ಳಿ_ದಾರಿ:

ಸಾಕಷ್ಟಾಯಿತು, ಎಲ್ಲರಿಗೂ ಋಣಿ. ಕೊನೆಯದಾಗಿ, ಊರಿನ ಮಾದರಿಗೆ ಐದು ಬಾಗಿಲು ಯಾವ ಕ್ರಮದಲ್ಲಿ ಇಡಬೇಕು?

ಮೇಲುದುರ್ಗ:

ಉತ್ತರದಿಂದ ಗಡಿಯಾರದ ಮುಳ್ಳು ತಿರುಗಿದ ಹಾಗೆ: ಬಾಲ್ಡಿಂಗರ್, ಲೋಪ್ಸಿಂಗರ್ (ಹಂದಿ ಇಲ್ಲಿಗೆ), ಡೈನಿಂಗರ್, ರೈಮ್ಲಿಂಗರ್, ಬರ್ಗರ್. ಮೊದಲ ನಾಲ್ಕು ಆ ದಾರಿ ಹೋಗುವ ಹಳ್ಳಿಯ ಹೆಸರು, ಐದನೆಯದು ಗುಡ್ಡದ ಕಡೆಯ ಬಾಗಿಲು. ಬಾಲ್ಡಿಂಗರ್ ಬಾಗಿಲಿಗೆ ಗೋಪುರ ಎಬ್ಬಿಸಬೇಡಿ, ಅದರ ಗೋಪುರ ಈಗ ಇಲ್ಲ.

ಮಂಡಕ್ಕಿ_ಮಿರ್ಚಿ:

ಬಾಗಿಲು ಕತ್ತರಿಸೋದು ರಟ್ಟು ಚಪ್ಪಟೆ ಇರುವಾಗಲೇ, ಪಟ್ಟಿ ಬಗ್ಗಿಸಿ ಅಂಟಿಸಿದ ಮೇಲೆ ಅಲ್ಲ. ಮೇಲೆ ಕತ್ತರಿಸಿದ್ರೆ ಅಲ್ಲೇ ಮಡಿಚಿಕೊಂಡು ಗೋಡೆ ಪಂಚಕೋನ ಆಗ್ತದೆ.